ಎದುರು ಮನೆಯವರ ಹೆಸರು ಗೊತ್ತಾ?

(1/5)
ಒಗ್ಗರಣೆ ಹಾಕೋ ಹೊತ್ತಿಗೆ ಮನೆಯಲ್ಲಿ ಕರಿಬೇವು ಇಲ್ಲ ಅಂದ್ಕೊಳ್ಳಿ. ರಸ್ತೆ ದಾಟಿ ಎದುರು ಮನೆಗೆ ಹೋಗಿ ಕೇಳ್ತೀರಾ? ಅಲ್ಲಿರೋರ ಹೆಸರಾದ್ರೂ ಗೊತ್ತಾ? ಇದಕ್ಕೂ ಟ್ರಾಫಿಕ್‌ಗೂ ಏನು ಸಂಬಂಧ ಅಂತ ಕೇಳಬೇಡಿ. 1969ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಬ್ಬ ಮೇಷ್ಟ್ರು ಹೆಚ್ಚುಕಡಿಮೆ ಇದನ್ನೇ ಸಂಶೋಧನೆ ಮಾಡಿದ್ರು. ನಮ್ಮ ರಸ್ತೆ ಇತಿಹಾಸ ಸರಣಿಯಲ್ಲಿ ಇವತ್ತು ಅವರ ಕಥೆ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

(2/5)
ಮೊದಲು ಆ ಕಾಲ ಹೇಗಿತ್ತು ನೋಡಿ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಊರುಗಳಲ್ಲಿ ಮನೆಗಳ ಮಧ್ಯೆಯೇ ದೊಡ್ಡ ದೊಡ್ಡ ಹೆದ್ದಾರಿ ಎಳೆಯೋ ಭರಾಟೆ. ಸ್ಯಾನ್ ಫ್ರಾನ್ಸಿಸ್ಕೋ ಜನ ಸುಮ್ಮನಿರಲಿಲ್ಲ. ಅವರ ಗಲಾಟೆಗೆ ಮಣಿದು 1959ರಲ್ಲಿ ಊರಿನ ಆಡಳಿತ ಮಂಡಳಿ 10 ಹೆದ್ದಾರಿ ಯೋಜನೆಗಳಲ್ಲಿ 7ನ್ನು ಕೈಬಿಟ್ಟಿತು. ಆದ್ರೆ ಇರೋ ರಸ್ತೆಗಳಲ್ಲಿ ವಾಹನ ಹೆಚ್ಚುತ್ತಲೇ ಇತ್ತು. ಎಂಜಿನಿಯರ್‌ಗಳ ಹತ್ತಿರ ಎಲ್ಲದಕ್ಕೂ ಲೆಕ್ಕ ಇತ್ತು: ಗಂಟೆಗೆ ಎಷ್ಟು ವಾಹನ, ಎಷ್ಟು ವೇಗ, ಎಷ್ಟು ನಿಮಿಷ ಉಳಿತಾಯ. ಬೀದಿಯಲ್ಲಿ ಇರೋರ ಹತ್ತಿರ ಇದ್ದದ್ದು ಬರೀ ದೂರು. ಮೀಟಿಂಗ್‌ನಲ್ಲಿ ಅಂಕಿ ಇದ್ದೋರೇ ಗೆಲ್ಲೋದು, ಅದು ಎಲ್ಲಾ ಊರಲ್ಲೂ ಒಂದೇ.

ಡೊನಾಲ್ಡ್ ಆಪಲ್‌ಯಾರ್ಡ್ ಲಂಡನ್‌ನಲ್ಲಿ 1928ರಲ್ಲಿ ಹುಟ್ಟಿದವರು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನಗರ ವಿನ್ಯಾಸದ ಪ್ರೊಫೆಸರ್. ಜೊತೆಗಾರ ಮಾರ್ಕ್ ಲಿಂಟೆಲ್ ಜೊತೆ ಸೇರಿ ಅವರು ಆ ದೂರನ್ನೇ ಅಂಕಿ ಮಾಡೋಕೆ ಹೊರಟರು.

(3/5)
ಅಕ್ಕಪಕ್ಕದ ಮೂರು ಬೀದಿ ಆರಿಸಿಕೊಂಡ್ರು. ನೋಡೋಕೆ ಮೂರೂ ಒಂದೇ ಥರ, ಮನೆಗಳೂ ಒಂದೇ ಥರ. ವ್ಯತ್ಯಾಸ ವಾಹನದ್ದು. ಆಕ್ಟೇವಿಯಾ ಬೀದಿಯಲ್ಲಿ ದಿನಕ್ಕೆ ಸುಮಾರು 2,000. ಗಾಫ್ ಬೀದಿಯಲ್ಲಿ 8,000ಕ್ಕೂ ಜಾಸ್ತಿ. ಫ್ರಾಂಕ್ಲಿನ್ ಬೀದಿಯಲ್ಲಿ ಸುಮಾರು 16,000. ಒಂದೊಂದು ಬೀದಿಯಲ್ಲಿ 12 ಜನರನ್ನು, ಚಿಕ್ಕೋರು, ನಡುವಯಸ್ಸಿನವರು, ವಯಸ್ಸಾದವರು ಅಂತ ಸಮನಾಗಿ ಹಂಚಿ, ಕೂತು ಮಾತಾಡಿಸಿದ್ರು.

ಉತ್ತರ ಕೇಳಿ. ವಾಹನ ಕಡಿಮೆ ಇದ್ದ ಬೀದಿಯಲ್ಲಿ ಒಬ್ಬರಿಗೆ ಅದೇ ಬೀದಿಯಲ್ಲಿ ಸರಾಸರಿ 3 ಸ್ನೇಹಿತರು, 6.3 ಪರಿಚಯದವರು. ಮಧ್ಯದ ಬೀದಿಯಲ್ಲಿ 1.3 ಸ್ನೇಹಿತರು. ವಾಹನ ಜಾಸ್ತಿ ಇದ್ದಲ್ಲಿ 0.9 ಸ್ನೇಹಿತರು, 3.1 ಪರಿಚಯದವರು. ಪೂರ್ತಿ ಒಬ್ಬ ಫ್ರೆಂಡೂ ಇಲ್ಲ!

ನನಗೆ ಇದಕ್ಕಿಂತ ಜಾಸ್ತಿ ಕಾಡಿದ್ದು ಇನ್ನೊಂದು. "ನಿಮ್ಮ ಮನೆ ಅಂತ ಅನ್ನಿಸೋದು ಎಲ್ಲಿವರೆಗೆ? ನಕ್ಷೆಯಲ್ಲಿ ಗೆರೆ ಎಳೀರಿ" ಅಂತ ಕೇಳಿದ್ರಂತೆ. ಆಕ್ಟೇವಿಯಾದವರು ಇಡೀ ಬೀದಿಯನ್ನೇ ಸುತ್ತುವರಿದು ಗೆರೆ ಎಳೆದ್ರು. ಫ್ರಾಂಕ್ಲಿನ್‌ನವರ ಗೆರೆ ತಮ್ಮ ಕಟ್ಟಡದಲ್ಲೇ ನಿಂತುಬಿಡ್ತು, ಕೆಲವರದ್ದು ಬರೀ ತಮ್ಮ ಮನೆಯಲ್ಲಿ. ಜಗಲಿ, ಮೆಟ್ಟಿಲು, ಗೇಟು ಎಲ್ಲಾ ಅವರ ಪಾಲಿಗೆ ಪರಸ್ಥಳ. ಮಕ್ಕಳಿದ್ದ ಸಂಸಾರಗಳೂ ಆ ಬೀದಿಯಲ್ಲಿ ಕಮ್ಮಿ.

ನಾವು ಬಿಕಾಂನವರು, ಖರ್ಚು ಅಂದ್ರೆ ಯಾವುದಾದ್ರೂ ಲೆಡ್ಜರ್‌ನಲ್ಲಿ ಬೀಳಬೇಕು ಅಂತ ಕಲಿತಿರ್ತೀವಿ. ಫ್ರಾಂಕ್ಲಿನ್‌ನಲ್ಲಿ ಕಾರು ಓಡಿಸಿದವನು ಉಳಿಸಿದ ಐದು ನಿಮಿಷ ಲೆಕ್ಕಕ್ಕೆ ಬಂತು. ಆ ಬೀದಿಯವರು ಕಳಕೊಂಡ ಎರಡು ಸ್ನೇಹ ಯಾವ ಪುಸ್ತಕದಲ್ಲೂ ಇರಲಿಲ್ಲ. ಆಪಲ್‌ಯಾರ್ಡ್ ಅದಕ್ಕೆ ಒಂದು ಕಾಲಂ ಹಾಕಿಕೊಟ್ರು, ಅಷ್ಟೇ. 1972ರಲ್ಲಿ ಲೇಖನ ಬಂತು, 1981ರಲ್ಲಿ 'ಲಿವಬಲ್ ಸ್ಟ್ರೀಟ್ಸ್' ಪುಸ್ತಕ.

"ಬರೀ 36 ಜನರನ್ನ ಕೇಳಿದ್ರೆ ಏನು ಗೊತ್ತಾಗುತ್ತೆ ಗುರು" ಅಂತೀರಾ? ನ್ಯಾಯವಾದ ಪ್ರಶ್ನೆ. ಗಲಾಟೆ ರಸ್ತೆಗೆ ಬಾಡಿಗೆಗೆ ಬಂದು ಹೋಗೋರೇ ಜಾಸ್ತಿ, ಅದಕ್ಕೇ ಸ್ನೇಹ ಕಮ್ಮಿ ಅಂತಾನೂ ವಾದ ಮಾಡಬಹುದು. ಆದ್ರೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2008ರಲ್ಲಿ ಇದೇ ಥರ ಮತ್ತೆ ಮಾಡಿ ನೋಡಿದಾಗಲೂ ವಾಹನ ಹೆಚ್ಚಿದ ಕಡೆ ಸ್ನೇಹ ಕಮ್ಮಿಯೇ ಬಂತು.

(4/5)
ಆಮೇಲೆ ಏನಾಯ್ತು? ಅದೇ ಆಕ್ಟೇವಿಯಾ ಬೀದಿಯ ದಕ್ಷಿಣದ ತುದಿಯಲ್ಲಿ ಒಂದು ಎತ್ತರದ ಹೆದ್ದಾರಿ ಇತ್ತು. 1989ರ ಭೂಕಂಪದಲ್ಲಿ ಅದಕ್ಕೆ ಪೆಟ್ಟು ಬಿತ್ತು. ಮತ್ತೆ ಕಟ್ಟೋದಾ, ಕೆಡವೋದಾ? ಜನರ ವೋಟಿಗೆ ಹಾಕಿದ್ರು. 1997ರಲ್ಲಿ ಕಟ್ಟಿ ಅಂದ್ರು. 1998ರಲ್ಲಿ ಬೇಡ, ಸಾಲುಮರದ ರಸ್ತೆ ಮಾಡಿ ಅಂದ್ರು. 1999ರಲ್ಲಿ ಮತ್ತೆ ವೋಟು, ಮತ್ತೆ ಸಾಲುಮರವೇ ಗೆದ್ದಿತು. ಸುತ್ತಲ ಬೀದಿಗಳ ಜನ ಮೂರು ವರ್ಷ ಮನೆ ಮನೆ ಸುತ್ತಿದ್ರ ಫಲ ಅದು. ಹೊಸ ರಸ್ತೆ ವಿನ್ಯಾಸ ಮಾಡಿದ್ದು ಆಲನ್ ಜೇಕಬ್ಸ್ ಮತ್ತು ಎಲಿಜಬೆತ್ ಮ್ಯಾಕ್‌ಡೊನಾಲ್ಡ್, ಇಬ್ಬರೂ ಬರ್ಕ್ಲಿಯವರೇ. ಆಪಲ್‌ಯಾರ್ಡ್ ಬೀದಿ ಬೀದಿ ಕೇಳುತ್ತಿದ್ದಾಗ ಊರಿನ ಯೋಜನಾ ಇಲಾಖೆಯ ಮುಖ್ಯಸ್ಥರಾಗಿದ್ದವರು ಇದೇ ಜೇಕಬ್ಸ್. 2005ರಲ್ಲಿ ಆಕ್ಟೇವಿಯಾ ಬುಲೆವಾರ್ಡ್ ತೆರೆಯಿತು. ಅಲ್ಲಿ ಟ್ರಾಫಿಕ್ ಈಗಲೂ ಜೋರೇ, ಸ್ವರ್ಗ ಏನಲ್ಲ. ಆದ್ರೆ ಹೆದ್ದಾರಿಯ ನೆರಳಿದ್ದ ಜಾಗದಲ್ಲಿ ಒಂದು ಪಾರ್ಕ್ ಇದೆ.

ಆಪಲ್‌ಯಾರ್ಡ್ ಇದನ್ನ ನೋಡಲಿಲ್ಲ. ಆ ಮೂರು ಬೀದಿಯ ಅಧ್ಯಯನ ನಡೆದ 1969ರಲ್ಲೇ ಅವರ ನಾಲ್ಕು ವರ್ಷದ ಮಗ ಬ್ರೂಸ್‌ಗೆ ವೇಗವಾಗಿ ಬಂದ ಕಾರು ಗುದ್ದಿತ್ತು. ಹುಡುಗ ಬದುಕಿದ್ದೇ ಹೆಚ್ಚು. 1982ರ ಸೆಪ್ಟೆಂಬರ್‌ನಲ್ಲಿ ಅಥೆನ್ಸ್‌ಗೆ ಹೋಗಿದ್ದಾಗ ತಂದೆಗೂ ಕಾರು ಗುದ್ದಿತು. ಅವರು ಉಳಿಯಲಿಲ್ಲ. ಪುಸ್ತಕ ಬಂದು ಒಂದೇ ವರ್ಷ ಆಗಿತ್ತು. ಬ್ರೂಸ್ ಈಗ ನಗರ ಯೋಜನೆಯ ಪ್ರೊಫೆಸರ್. ಅಪ್ಪನ ಪುಸ್ತಕದ ಮುಂದಿನ ಭಾಗ ಬರೆದಿದ್ದಾರೆ.

(5/5)
ನಮ್ಮಲ್ಲಿ? ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನ ನಿಲ್ಲಿಸಿದ್ದು ನೆನಪಿದೆಯಾ? ರೀಲ್ಸ್ ಮಾಡೋಕೆ ಹೋದೋರು ಬಹಳ ಜನ. ಅದೂ ಒಂದು ಪ್ರಯೋಗವೇ. ಸರ್ಕಾರದ ನಗರ ಭೂಸಾರಿಗೆ ನಿರ್ದೇಶನಾಲಯ ನಡೆಸಿದ್ದು, ಐಐಎಸ್‌ಸಿಯ ಸಂಶೋಧಕರು ಅದರ ಪರಿಣಾಮ ಅಳೆದ್ರು. ಒಳ್ಳೇ ಕೆಲಸ. ಆದ್ರೆ ಅದು ತಿಂಡಿ, ಪುಸ್ತಕ, ಶಾಪಿಂಗ್ ಬೀದಿ. ಮನೆಗಳಿರೋ ಬೀದಿಗೆ ಹೋಗಿ, ಗೆರೆ ಎಳೆಸಿ, ಎದುರು ಮನೆಯವರ ಹೆಸರು ಕೇಳೋಕೆ ದುಡ್ಡೂ ಬೇಡ, ಲ್ಯಾಬೂ ಬೇಡ.

ಹೀಗೆ ಮಾಡಿ: ನಿಮ್ಮ ಬೀದಿಯಲ್ಲಿ ಸಂಜೆ 6ರಿಂದ 7ರವರೆಗೆ ಎಷ್ಟು ವಾಹನ ಹೋಯ್ತು ಅಂತ ಎಣಿಸಿ, ಸ್ಕೂಟರ್ ಆಟೋ ಎಲ್ಲಾ ಸೇರಿಸಿ. ಆಮೇಲೆ 12 ಜನರನ್ನ ಮಾತಾಡಿಸಿ, ಅಜ್ಜಿ-ತಾತಂದಿರನ್ನ ಬಿಡಬೇಡಿ. ಬೀದಿಯಲ್ಲಿ ಸ್ನೇಹಿತರು ಎಷ್ಟು, ಪರಿಚಯದವರು ಎಷ್ಟು, ನಿಮ್ಮ ಮನೆ ಎಲ್ಲಿವರೆಗೆ? ಈ ಮೂರೇ ಪ್ರಶ್ನೆ. ಸಿಕ್ಕಿದ್ದನ್ನ ಬೀದಿ ಹೆಸರಿನ ಜೊತೆ ಕಾಮೆಂಟಲ್ಲಿ ಹಾಕಿ, ಜನರ ಹೆಸರು ಮಾತ್ರ ಹಾಕಬೇಡಿ.

#ರಸ್ತೆಇತಿಹಾಸ #ನಮ್ಮಬೀದಿ