ನೆನಪಿಗೆ ಒಂದೇ ಮನೆಯಿಲ್ಲ: ಮೆದುಳು, ಸ್ಮೃತಿ ಮತ್ತು ವರ್ತನೆ

ಕಂಡದ್ದು, ಕೇಳಿದ್ದು, ಕಲಿತದ್ದು ಎಲ್ಲವೂ ಮೆದುಳಿನ ಉಗ್ರಾಣವೊಂದರಲ್ಲಿ ಶೇಖರವಾಗಿರುತ್ತದೆ, ಬೇಕೆಂದಾಗ ಅದನ್ನು ಇದ್ದಂತೆಯೇ ಹೊರತೆಗೆಯಬಹುದು ಎಂಬ ಕಲ್ಪನೆ ಬಹಳ ಹಳೆಯದು. ಅದನ್ನು ಬುಡಮೇಲು ಮಾಡಿದವರಲ್ಲಿ ವಿಜ್ಞಾನಿಗಳಿಗಿಂತ ಮೊದಲು ನೆನೆಯಬೇಕಾದುದು ಅಮೆರಿಕದ ಒಬ್ಬ ರೋಗಿಯನ್ನು. ವೈದ್ಯಕೀಯ ಗ್ರಂಥಗಳಲ್ಲಿ ಅರ್ಧ ಶತಮಾನ ‘ಎಚ್.ಎಂ.’ ಎಂದಷ್ಟೇ ಪರಿಚಿತನಾಗಿದ್ದ ಆತನ ಹೆಸರು ಹೆನ್ರಿ ಮೊಲೈಸನ್. ಅದು ಜಗತ್ತಿಗೆ ತಿಳಿದದ್ದು 2008ರ ಡಿಸೆಂಬರ್‌ನಲ್ಲಿ, 82ನೇ ವಯಸ್ಸಿನಲ್ಲಿ ಆತ ತೀರಿಕೊಂಡ ಬಳಿಕ.

ಕನೆಕ್ಟಿಕಟ್ ರಾಜ್ಯದ ಹೆನ್ರಿ ಬಾಲ್ಯದಿಂದಲೂ ಅಪಸ್ಮಾರದಿಂದ ಬಳಲುತ್ತಿದ್ದ. ಔಷಧಗಳು ನಾಟದೆ ದುಡಿಮೆಯೂ ಅಸಾಧ್ಯವಾದಾಗ, 1953ರಲ್ಲಿ ನರಶಸ್ತ್ರವೈದ್ಯ ವಿಲಿಯಂ ಸ್ಕೋವಿಲ್ ಆತನ ಮೆದುಳಿನ ಎರಡೂ ಪಾರ್ಶ್ವಗಳಿಂದ ಹಿಪೋಕ್ಯಾಂಪಸ್‌ನ ದೊಡ್ಡ ಭಾಗವನ್ನೂ ಅದರ ನೆರೆಯ ಅಂಗಾಂಶಗಳನ್ನೂ ತೆಗೆದುಹಾಕಿದರು. ಹಿಪೋಕ್ಯಾಂಪಸ್ ಎಂಬುದು ಕಿವಿಗಳ ನೇರಕ್ಕೆ ಮೆದುಳಿನ ಒಳಗೆ ಬಾಗಿ ಮಲಗಿರುವ, ಕಡಲಕುದುರೆಯನ್ನು ಹೋಲುವ ರಚನೆ. ಅದರ ಕಾರ್ಯವೇನೆಂಬುದು ಆಗ ಸ್ಪಷ್ಟವಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಎರಡೂ ಕಡೆಯಿಂದ ಕತ್ತರಿಸಿದ ಬೆಲೆಯನ್ನು ತೆತ್ತವನು 27 ವರ್ಷದ ಯುವಕ.

ಮೂರ್ಛೆಯ ಹಾವಳಿ ಕಡಿಮೆಯಾಯಿತು. ಬುದ್ಧಿಶಕ್ತಿ, ಮಾತು, ಸೌಜನ್ಯ ಯಾವುದೂ ಕುಂದಲಿಲ್ಲ. ಬಾಲ್ಯದ ನೆನಪುಗಳೂ ಉಳಿದಿದ್ದವು. ಆದರೆ ಹೊಸ ನೆನಪು ನಿಲ್ಲುವುದೇ ನಿಂತುಹೋಯಿತು. ಊಟ ಮಾಡಿದ ಅರ್ಧ ಗಂಟೆಯಲ್ಲಿ ಊಟ ಮಾಡಿದ್ದೇ ಮರೆತುಹೋಗುತ್ತಿತ್ತು. ಚಿಕ್ಕಪ್ಪನ ಸಾವಿನ ಸುದ್ದಿ ಕೇಳಿದಾಗ ಹೆನ್ರಿ ಬಹಳವಾಗಿ ನೊಂದ. ಸ್ವಲ್ಪ ಹೊತ್ತಿಗೆ ಮರೆತು, ಅವರು ಬರುವುದು ಯಾವಾಗ ಎಂದು ಕೇಳಿದ. ಹೇಳಿದಾಗಲೆಲ್ಲ ಅದು ಹೊಸ ಸಾವು, ಹೊಸ ದುಃಖ.

ಆತನನ್ನು ದೀರ್ಘಕಾಲ ಅಧ್ಯಯನ ಮಾಡಿದವರು ಮಾಂಟ್ರಿಯಲ್‌ನ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್. ಸ್ಕೋವಿಲ್ ಜೊತೆಗೂಡಿ ಅವರು 1957ರಲ್ಲಿ ಪ್ರಕಟಿಸಿದ ಪ್ರಬಂಧ ಸ್ಮೃತಿ ಸಂಶೋಧನೆಯ ದಿಕ್ಕನ್ನೇ ಬದಲಿಸಿತು. ಅನಂತರ ಅವರು ನಡೆಸಿದ ಒಂದು ಪರೀಕ್ಷೆ ಇನ್ನೂ ಸ್ವಾರಸ್ಯಕರ. ಕನ್ನಡಿಯಲ್ಲಿನ ಪ್ರತಿಬಿಂಬವನ್ನಷ್ಟೇ ನೋಡುತ್ತಾ ನಕ್ಷತ್ರದ ಆಕೃತಿಯನ್ನು ಗೆರೆ ತಪ್ಪದಂತೆ ತಿದ್ದಬೇಕು. ಹೆನ್ರಿ ಮೂರು ದಿನಗಳಲ್ಲಿ ಇದರಲ್ಲಿ ನುರಿತ. ಆದರೆ ಪ್ರತಿದಿನವೂ ಆತನ ಪಾಲಿಗೆ ಅದು ಹಿಂದೆಂದೂ ಮಾಡದ ಕೆಲಸವಾಗಿತ್ತು! ಕೈ ಕಲಿತಿತ್ತು, ಕಲಿತ ಸಂಗತಿ ಆತನಿಗೆ ತಿಳಿದಿರಲಿಲ್ಲ. ಸೈಕಲ್ ಸವಾರಿ, ವಾದ್ಯ ನುಡಿಸುವುದು ಮುಂತಾದ ಕೌಶಲಗಳ ಸ್ಮೃತಿಗೆ ಹಿಪೋಕ್ಯಾಂಪಸ್ ಅನಿವಾರ್ಯವಲ್ಲ. ಅದು ಮೆದುಳಿನ ಬೇರೆ ಭಾಗಗಳನ್ನು ಅವಲಂಬಿಸಿದೆ ಎಂಬುದು ಹೀಗೆ ಖಚಿತವಾಗತೊಡಗಿತು.

ಭಯದ ನೆನಪಿನದೂ ಪ್ರತ್ಯೇಕ ದಾರಿ. ಜಿನೀವಾದ ವೈದ್ಯ ಎಡ್ವರ್ಡ್ ಕ್ಲಾಪರೇಡ್ 1911ರಲ್ಲಿಯೇ ಇದರ ಸುಳಿವು ನೀಡಿದ್ದರು. ಮರೆವಿನ ರೋಗವಿದ್ದ ಮಹಿಳೆಯ ಕೈಕುಲುಕುವಾಗ ಅವರು ಬೆರಳುಗಳ ನಡುವೆ ಗುಂಡುಸೂಜಿ ಬಚ್ಚಿಟ್ಟು ಚುಚ್ಚಿದರು. ಇಂದು ಯಾವ ನೈತಿಕ ಸಮಿತಿಯೂ ಒಪ್ಪದ ಪ್ರಯೋಗವದು. ಆಕೆ ಬಹುಬೇಗ ಅದನ್ನು ಮರೆತರೂ, ಮತ್ತೆ ಕೈ ಚಾಚಿದಾಗ ತನ್ನ ಕೈಯನ್ನು ಹಿಂದೆಳೆದುಕೊಂಡಳು. ಕಾರಣ ಮಾತ್ರ ಆಕೆಗೆ ನೆನಪಿರಲಿಲ್ಲ. ಭಯದ ಈ ಕಲಿಕೆಯಲ್ಲಿ ಬಾದಾಮಿಯಾಕಾರದ ಅಮಿಗ್ಡಲಾ ಎಂಬ ಭಾಗದ ಪಾತ್ರ ಹಿರಿದೆಂದು ಈಗ ತಿಳಿದಿದೆ.

ಈ ಎರಡು ಭಾಗಗಳ ಬಗ್ಗೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಮತ್ತು ಸಹೋದ್ಯೋಗಿಗಳು ಮಹತ್ವದ ಸಂಶೋಧನೆ ನಡೆಸಿದ್ದಾರೆ. ಇಲಿಗಳನ್ನು 10 ದಿನ, ದಿನಕ್ಕೆ 2 ಗಂಟೆ ಅಲುಗಾಡದಂತೆ ಬಂಧಿಸಿಟ್ಟಾಗ ಹಿಪೋಕ್ಯಾಂಪಸ್‌ನ ನರಕೋಶಗಳ ಕವಲುಗಳು ಕುಗ್ಗಿದವು, ಅಮಿಗ್ಡಲಾದ ಕವಲುಗಳು ಬೆಳೆದವು ಎಂದು 2002ರಲ್ಲಿ ಅವರು ವರದಿ ಮಾಡಿದರು. 21 ದಿನಗಳ ವಿರಾಮದ ಬಳಿಕವೂ ಅಮಿಗ್ಡಲಾದ ಬೆಳವಣಿಗೆ ಹಾಗೂ ಇಲಿಗಳ ಆತಂಕ ಹಿಂದಿನ ಸ್ಥಿತಿಗೆ ಮರಳಲಿಲ್ಲ ಎಂದು 2004ರ ಅಧ್ಯಯನ ತಿಳಿಸಿತು.

ಕೋಶಮಟ್ಟದಲ್ಲಿ ನೆನಪೆಂದರೆ ನರಕೋಶಗಳ ನಡುವಣ ಸಂಪರ್ಕದಲ್ಲಿ ಆಗುವ ಬದಲಾವಣೆ. ಸುಮಾರು 20,000 ನರಕೋಶಗಳಷ್ಟೇ ಇರುವ ಕಡಲ ಮೃದ್ವಂಗಿ ಅಪ್ಲೀಸಿಯಾವನ್ನು ಬಳಸಿ ಎರಿಕ್ ಕ್ಯಾಂಡೆಲ್ ಇದನ್ನು ತೋರಿಸಿಕೊಟ್ಟು, 2000ದ ನೊಬೆಲ್ ಪ್ರಶಸ್ತಿಯನ್ನು ಇಬ್ಬರೊಡನೆ ಹಂಚಿಕೊಂಡರು. ಅಲ್ಪಕಾಲದ ನೆನಪಿಗೆ ಇರುವ ಸಂಪರ್ಕಗಳು ಬಲಗೊಂಡರೆ ಸಾಕು. ದೀರ್ಘಕಾಲ ಉಳಿಯಬೇಕಾದರೆ ಕೋಶದಲ್ಲಿ ಹೊಸ ಪ್ರೋಟೀನು ತಯಾರಾಗಬೇಕು, ಹೊಸ ಸಂಪರ್ಕಗಳು ಚಿಗುರಬೇಕು.

ಅದೇ ವರ್ಷ ಕರೀಂ ನಾದರ್ ಮತ್ತಿತರರು ಇಲಿಗಳ ಮೇಲೆ ನಡೆಸಿದ ಪ್ರಯೋಗ ಇನ್ನೊಂದು ಅಚ್ಚರಿಯನ್ನು ಹೊರಗೆಡಹಿತು. ಗಟ್ಟಿಯಾಗಿ ನೆಲೆಯೂರಿದ ಭಯದ ನೆನಪು ಕೂಡ ಮರುಕಳಿಸಿದ ಬಳಿಕ ಕೆಲಕಾಲ ಸಡಿಲಗೊಳ್ಳುತ್ತದೆ. ಆಗ ಅಮಿಗ್ಡಲಾದಲ್ಲಿ ಪ್ರೋಟೀನು ತಯಾರಿಕೆಯನ್ನು ತಡೆದರೆ ಆ ನೆನಪು ಮಸುಕಾಗುತ್ತದೆ. ಮನುಷ್ಯರ ನೆನಪೂ ಸುಲಭವಾಗಿ ತಿದ್ದುಪಡಿಗೊಳ್ಳುತ್ತದೆ. ಕಾರುಗಳು ‘ತಗುಲಿದಾಗ’ ವೇಗವೆಷ್ಟಿತ್ತು ಎಂದು ಕೇಳುವುದಕ್ಕಿಂತ ‘ಅಪ್ಪಳಿಸಿದಾಗ’ ಎಂದು ಕೇಳಿದರೆ ಜನ ಹೆಚ್ಚು ವೇಗ ಹೇಳುತ್ತಾರೆಂದು ಎಲಿಜಬೆತ್ ಲಾಫ್ಟಸ್ 1974ರಲ್ಲಿಯೇ ತೋರಿಸಿದ್ದರು.

ಇದು ಪ್ರಯೋಗಾಲಯಕ್ಕಷ್ಟೇ ಸೀಮಿತವಾದ ವಿಚಾರವಲ್ಲ. 2000ದ ದಶಕದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದ ಮಂಪರು ಪರೀಕ್ಷೆಗಳು ದೇಶದಾದ್ಯಂತ ಸುದ್ದಿಯಾಗಿದ್ದವು. ಸೋಡಿಯಂ ಪೆಂಟೋಥಾಲ್ ಚುಚ್ಚಿದರೆ ಒಳಗಿರುವ ಸತ್ಯ ತಾನಾಗಿ ಹೊರಬರುತ್ತದೆ ಎಂಬ ನಂಬಿಕೆಯ ಹಿಂದೆ ಇದ್ದುದು ಅದೇ ಹಳೆಯ ಉಗ್ರಾಣದ ಕಲ್ಪನೆ. ಮಂಪರಿನಲ್ಲಿರುವ ವ್ಯಕ್ತಿ ಪ್ರಶ್ನೆಯ ಧಾಟಿಗೆ ತಕ್ಕಂತೆ ಉತ್ತರಿಸಬಹುದು, ಕಲ್ಪಿಸಿಕೊಂಡದ್ದನ್ನೂ ಹೇಳಬಹುದು. ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ ಪ್ರಕರಣದಲ್ಲಿ 2010ರ ಮೇ 5ರಂದು ತೀರ್ಪಿತ್ತ ಸುಪ್ರೀಂ ಕೋರ್ಟ್, ಮಂಪರು ಪರೀಕ್ಷೆ, ಸುಳ್ಳುಪತ್ತೆ ಮತ್ತು ಮೆದುಳು ನಕ್ಷೆ ಪರೀಕ್ಷೆಗಳನ್ನು ವ್ಯಕ್ತಿಯ ಒಪ್ಪಿಗೆಯಿಲ್ಲದೆ ನಡೆಸುವುದು ಸಂವಿಧಾನಬಾಹಿರ ಎಂದಿತು. ಒಪ್ಪಿಗೆಯಿಂದ ನಡೆದ ಪರೀಕ್ಷೆಯ ಫಲಿತಾಂಶವನ್ನೂ ಅದೊಂದನ್ನೇ ಸಾಕ್ಷ್ಯವಾಗಿ ಪರಿಗಣಿಸುವಂತಿಲ್ಲ. ಅದರ ನೆರವಿನಿಂದ ಮುಂದೆ ಪತ್ತೆಯಾದ ವಸ್ತು ಅಥವಾ ಮಾಹಿತಿಗೆ ಮಾತ್ರ ನ್ಯಾಯಾಲಯದಲ್ಲಿ ಅವಕಾಶವಿದೆ.