ಹ್ಯಾನಿಬಲ್ ಹಡಗಿನ ಹುಡುಗ ಏನಾದ?

ಕಡಲ ಗಾಳಿ ಸೋಕದ ಶ್ರೀರಂಗಪಟ್ಟಣದಲ್ಲಿ ಬ್ರಿಟಿಷ್ ನೌಕಾದಳದ ನಾವಿಕರು ಸೆರೆಯಲ್ಲಿದ್ದರು ಎಂದರೆ ಆಶ್ಚರ್ಯವಾಗಬಹುದು. ಅವರನ್ನು ಸಮುದ್ರದಲ್ಲಿ ಹಿಡಿದದ್ದು ಮೈಸೂರಿನವರಲ್ಲ, ಫ್ರೆಂಚರು.

1782ರ ಜನವರಿಯಲ್ಲಿ, ಭಾರತದತ್ತ ಒಂಟಿಯಾಗಿ ಬರುತ್ತಿದ್ದ 50 ಫಿರಂಗಿಗಳ ‘ಹ್ಯಾನಿಬಲ್’ ಎಂಬ ಬ್ರಿಟಿಷ್ ಯುದ್ಧನೌಕೆ ಫ್ರೆಂಚ್ ನೌಕಾಪಡೆಯ ಕೈಗೆ ಸಿಕ್ಕಿತು. ಹೆಸರು ಬದಲಾಯಿಸಿಕೊಂಡು ಅದು ಫ್ರೆಂಚರ ಪರವಾಗಿಯೇ ಕಾದಿತು. ಹಡಗೇನೋ ಉಪಯೋಗಕ್ಕೆ ಬಂತು, ಅದರ ಜನರನ್ನು ಏನು ಮಾಡುವುದು? ಫ್ರೆಂಚ್ ನೌಕಾಧಿಪತಿ ಸುಫ್ರೇನ್‌ನ ಬಳಿ ಅವರನ್ನು ಇಡಲು ಜಾಗವಿರಲಿಲ್ಲ, ತಿನ್ನಿಸಲು ಧಾನ್ಯವಿರಲಿಲ್ಲ. ಸೆರೆಯಾಳುಗಳನ್ನು ಅದಲುಬದಲು ಮಾಡಿಕೊಳ್ಳುವ ಮಾತು ಮದರಾಸಿನ ಇಂಗ್ಲಿಷರೊಂದಿಗೆ ಮುರಿದುಬಿತ್ತು. ಕೊನೆಗೆ ಸುಮಾರು 500 ಮಂದಿಯನ್ನು ಆತ ಅದೇ ವರ್ಷ ತಮಿಳುನಾಡಿನ ಕಡಲೂರಿನಲ್ಲಿ ತನ್ನ ಮಿತ್ರ ಹೈದರಾಲಿಗೆ ಒಪ್ಪಿಸಿಬಿಟ್ಟ. ಈ ಸೆರೆಯ ಅಪವಾದವನ್ನೆಲ್ಲ ಮೈಸೂರಿನ ತಲೆಗೆ ಕಟ್ಟುವವರು ಈ ಭಾಗವನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಅವರಲ್ಲೊಬ್ಬ ಜೇಮ್ಸ್ ಸ್ಕರಿ. ಹುಟ್ಟಿದ್ದು 1766ರಲ್ಲಿ, ಆಗಿನ್ನೂ ಮೀಸೆ ಚಿಗುರುವ ವಯಸ್ಸು. ಕೆಲವು ಬರಹಗಳು ಅವನನ್ನು ‘ಬ್ರಿಟಿಷ್ ಅಧಿಕಾರಿ’ ಎನ್ನುತ್ತವೆ. ಅಧಿಕಾರಿಯಲ್ಲ, ಹಡಗಿನ ಹುಡುಗ.

ಇಂಥವನ ಗತಿ ಏನಾಯಿತೆಂದು ಹುಡುಕುವುದು ಹೇಗೆ? ಬ್ರಿಟಿಷ್ ನೌಕಾದಳದ ಪ್ರತಿ ಹಡಗಿಗೂ ಒಂದು ಹಾಜರಿ ಪುಸ್ತಕವಿರುತ್ತಿತ್ತು. ಉಳಿದುಬಂದ ಪುಸ್ತಕಗಳು ಲಂಡನ್ನಿನ ಕ್ಯೂ ಪತ್ರಾಗಾರದಲ್ಲಿವೆ. ಹೆಸರಿನ ಮುಂದೆ ‘ಡಿ’ ಎಂದಿದ್ದರೆ ಹಡಗಿನಿಂದ ಬಿಡುಗಡೆಯಾದವನು, ‘ಡಿಡಿ’ ಎಂದಿದ್ದರೆ ಸತ್ತವನು, ‘ಆರ್’ ಎಂದಿದ್ದರೆ ಓಡಿಹೋದವನು. ಹಿಡಿದವರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿ ಘಟ್ಟ ಹತ್ತಿದ ಹುಡುಗನ ಕಥೆಯನ್ನು ಈ ಅಕ್ಷರಗಳು ಹೇಳಲಾರವು. ಮುಂದಿನದಕ್ಕೆ ಒಪ್ಪಂದದ ಪತ್ರಗಳು ಮತ್ತು ಬದುಕಿ ಬಂದವರ ಮಾತುಗಳೇ ಆಧಾರ.

ಕೈದಿಗಳನ್ನು ಬೆಂಗಳೂರಿಗೆ ನಡೆಸಿಕೊಂಡು ಬಂದರು. ಅವರಲ್ಲಿ ಚಿಕ್ಕ ವಯಸ್ಸಿನವರನ್ನು ಆರಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರು. 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡು ಟಿಪ್ಪು ಪಟ್ಟಕ್ಕೆ ಬಂದ. ಹುಡುಗರಿಗೆ ಬಲವಂತವಾಗಿ ಸುನ್ನತಿಯಾಯಿತು, ಕಿವಿ ಚುಚ್ಚಿ ಬೆಳ್ಳಿಯ ಬಳೆ ತೊಡಿಸಲಾಯಿತು, ಹೊಸ ಹೆಸರುಗಳು ಬಂದವು. ‘ಚೇಲಾ’ ಎಂಬ ಪಡೆಗಳಲ್ಲಿ ಅವರನ್ನು ಸೇರಿಸಿದರು. ಯುರೋಪಿನ ಕವಾಯತು ತಿಳಿದ ಆಳುಗಳು ಸುಲ್ತಾನನಿಗೆ ಬೇಕಿದ್ದರು.

1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಂತೆ ಕೈದಿಗಳೆಲ್ಲ ಬಿಡುಗಡೆಯಾಗಬೇಕಿತ್ತು. ನೂರಾರು ಜನ ಮನೆಗೆ ಹೋದರು; ಸ್ಕರಿಯಂಥವರು ಹೋಗಲಿಲ್ಲ. ಅವರು ಈಗ ಕೈದಿಗಳೋ ಸುಲ್ತಾನನ ಸಿಪಾಯಿಗಳೋ? ಎರಡು ಕಡೆಯವರ ಲೆಕ್ಕ ಬೇರೆಬೇರೆಯಾಗಿತ್ತು. ಶ್ರೀರಂಗಪಟ್ಟಣದಲ್ಲಿ ಸ್ಕರಿಗೆ ಮದುವೆಯೂ ಆಯಿತು. ಹುಡುಗಿಯೂ ಸೆರೆಯಾಗಿ ಬಂದವಳೇ, ಆರ್ಕಾಟಿನ ಕಡೆಯಿಂದ.

ಮೂರನೆಯ ಮೈಸೂರು ಯುದ್ಧ ಬಂತು. 1791ರಲ್ಲಿ ಕುಣಿಗಲ್ ಸೀಮೆಯ ಹುಲಿಯೂರುದುರ್ಗ, ಹುತ್ರಿದುರ್ಗಗಳು ಕಾರ್ನ್‌ವಾಲಿಸನ ಸೈನ್ಯಕ್ಕೆ ಬಿದ್ದವು. ಉತ್ತರದಲ್ಲಿ ಪರಶುರಾಮ ಭಾವುವಿನ ಮರಾಠರು, ಅವರೊಂದಿಗೆ ಕ್ಯಾಪ್ಟನ್ ಲಿಟಲ್‌ನ ಇಂಗ್ಲಿಷ್ ತುಕಡಿ ಇದ್ದವು. ಸ್ಕರಿ ಮತ್ತು ಕೆಲವು ಜೊತೆಗಾರರು ಚಿತ್ರದುರ್ಗದಿಂದ ತಪ್ಪಿಸಿಕೊಂಡು ಮರಾಠರನ್ನು, ಅವರ ಮೂಲಕ ಈ ತುಕಡಿಯನ್ನು ಸೇರಿದರು. ಕಟ್ಟಿಕೊಂಡ ಸಂಸಾರ ಹಿಂದೆಯೇ ಉಳಿಯಿತು.

1784ರಲ್ಲಿ ಎಲ್ಲರೂ ಬಂದಿರಲಿಲ್ಲವೆಂಬುದು ಇಂಗ್ಲಿಷರಿಗೆ ಗೊತ್ತಿತ್ತು. ಅದಕ್ಕೇ 1792ರ ಶ್ರೀರಂಗಪಟ್ಟಣದ ಷರತ್ತುಗಳಲ್ಲಿ ‘ಹೈದರಾಲಿಯ ಕಾಲದಿಂದ’ ಹಿಡಿದ ಕೈದಿಗಳೆಲ್ಲರನ್ನೂ ಬಿಡಬೇಕೆಂದು ಬರೆಸಿದರು.

ಸ್ಕರಿಯ ಆತ್ಮಕಥನ ಅಚ್ಚಾದದ್ದು 1824ರಲ್ಲಿ, ಅವನು ಸತ್ತ ಎರಡು ವರ್ಷಗಳ ಮೇಲೆ. ಟಿಪ್ಪುವನ್ನು ಕ್ರೂರಿಯೆಂದು ತೋರಿಸುವುದು ಇಂಗ್ಲೆಂಡಿನಲ್ಲಿ ಚೆನ್ನಾಗಿ ಮಾರಾಟವಾಗುತ್ತಿದ್ದ ಕಾಲದ ಪುಸ್ತಕ ಅದು. ಆದ್ದರಿಂದ ಅದರಲ್ಲಿರುವ ಎಲ್ಲವನ್ನೂ ಹಾಗೆಯೇ ನಂಬಬೇಕಿಲ್ಲ. ಆದರೆ ಅದರಲ್ಲಿ ಯಾರ ಪ್ರಚಾರಕ್ಕೂ ಒದಗದ ಸಂಗತಿಗಳೂ ಇವೆ. ಬಿಡುಗಡೆಯಾಗಿ ಸ್ವಜನರ ನಡುವೆ ಬಂದಾಗ ಅವನಿಗೆ ಕುರ್ಚಿಯಲ್ಲಿ ಕೂರುವುದು ಕಷ್ಟವಾಗಿತ್ತು, ಚಾಕು-ಫೋರ್ಕು ಹಿಡಿಯಲು ಬರುತ್ತಿರಲಿಲ್ಲ, ಬಿಗಿಯಾದ ಇಂಗ್ಲಿಷ್ ಉಡುಪು ಮೈಗೆ ಒಗ್ಗುತ್ತಿರಲಿಲ್ಲ. ಇಂಗ್ಲಿಷ್ ಮಾತೂ ತೊದಲುತ್ತಿತ್ತು.