ಷೇರು ಬಂಡವಾಳದ ಆಸ್ಪತ್ರೆ

ಮದರಾಸಿನ ಗ್ರೀಮ್ಸ್ ರಸ್ತೆಯಲ್ಲಿ 1983ರ ಸೆಪ್ಟೆಂಬರ್ 18ರಂದು ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಅವರು ಉದ್ಘಾಟಿಸಿದ ಅಪೋಲೋ ಆಸ್ಪತ್ರೆಯಲ್ಲಿ ಇದ್ದುದು 150 ಹಾಸಿಗೆಗಳು ಮಾತ್ರ. ಅದಕ್ಕಿಂತ ಬಹು ದೊಡ್ಡ ಆಸ್ಪತ್ರೆಗಳು ಆ ನಗರದಲ್ಲಿಯೇ ಇದ್ದವು. ಆದರೆ ಕಂಪನಿ ಕಾಯಿದೆಯ ಮೇರೆಗೆ ನೋಂದಣಿಯಾಗಿ, ಷೇರು ಬಂಡವಾಳದಿಂದ ಕಟ್ಟಲ್ಪಟ್ಟು, ಲಾಭ-ನಷ್ಟದ ಲೆಕ್ಕವನ್ನು ಷೇರುದಾರರ ಮುಂದಿಡುವ ಆಸ್ಪತ್ರೆ ಭಾರತಕ್ಕೆ ಹೊಸದಾಗಿತ್ತು.

ಅದುವರೆಗೆ ಆಸ್ಪತ್ರೆಯೆಂದರೆ ಸರ್ಕಾರದ್ದು, ಮಿಷನ್ನಿನದು, ದಾನಿಗಳ ಟ್ರಸ್ಟಿನದು. ಇಲ್ಲವಾದರೆ ವೈದ್ಯರೊಬ್ಬರ ನರ್ಸಿಂಗ್ ಹೋಂ. ವೆಲ್ಲೂರಿನಲ್ಲಿ ಐಡಾ ಸ್ಕಡರ್ 1900ರಲ್ಲಿ ಒಂದೇ ಹಾಸಿಗೆಯಿಂದ ಆರಂಭಿಸಿದ್ದರು. ಮುಂಬಯಿಯ ಜಸ್‌ಲೋಕ್ ಆಸ್ಪತ್ರೆ 1973ರಲ್ಲಿ ಸೇಠ್ ಲೋಕೂಮಲ್ ಚನ್‌ರಾಯ್ ಅವರ ದಾನದಿಂದ ತಲೆಯೆತ್ತಿತು.

ಅಪೋಲೋದ ಸ್ಥಾಪಕರಾದ ಡಾ. ಪ್ರತಾಪ್ ಸಿ. ರೆಡ್ಡಿಯವರು ಚಿತ್ತೂರು ಜಿಲ್ಲೆಯ ಅರಗೊಂಡದವರು. ಅಮೆರಿಕದಲ್ಲಿ ಹೃದ್ರೋಗ ಚಿಕಿತ್ಸೆಯ ತರಬೇತಿ ಪಡೆದು, ತಂದೆಯ ಪತ್ರಕ್ಕೆ ಓಗೊಟ್ಟು ಮದರಾಸಿಗೆ ಮರಳಿದರು. 1979ರಲ್ಲಿ ಮೂವತ್ತೆಂಟರ ಪ್ರಾಯದ ರೋಗಿಯೊಬ್ಬರು, ಅಮೆರಿಕಕ್ಕೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಹಣ ಹೊಂದಿಸಲಾಗದೆ ತೀರಿಕೊಂಡರು. ಆ ಸಾವೇ ತಮ್ಮ ಸಂಕಲ್ಪಕ್ಕೆ ಕಾರಣವೆಂದು ರೆಡ್ಡಿಯವರು ಹೇಳುತ್ತ ಬಂದಿದ್ದಾರೆ. ಅದೇ ವರ್ಷ ಕಂಪನಿಯ ನೋಂದಣಿಯಾಯಿತು.

ಆಸ್ಪತ್ರೆಯು ಉದ್ಯಮವೆಂದು ಪರಿಗಣಿತವಾಗದ ಕಾಲವದು. ಬ್ಯಾಂಕು ಸಾಲ ಸುಲಭವಾಗಿರಲಿಲ್ಲ. ವಿದೇಶದಿಂದ ತರಿಸುವ ಯಂತ್ರೋಪಕರಣಗಳ ಮೇಲೆ ಸುಂಕದ ಹೊರೆಯಿತ್ತು. ಹೃದಯ ಶಸ್ತ್ರಚಿಕಿತ್ಸೆ, ತೀವ್ರ ನಿಗಾ ಘಟಕ, ಪ್ರಯೋಗಾಲಯ ಮೊದಲಾದವನ್ನು ಒಂದೇ ಸೂರಿನಡಿ ಒದಗಿಸುವುದು ಯೋಜನೆಯ ತಿರುಳು. ತೆರೆದ ಹೃದಯ ಶಸ್ತ್ರಚಿಕಿತ್ಸೆ ವೆಲ್ಲೂರಿನಲ್ಲಿ ಮೊದಲೇ ನಡೆಯುತ್ತಿದ್ದುದರಿಂದ ಎಲ್ಲವೂ ಇಲ್ಲಿಂದಲೇ ಮೊದಲಾಯಿತೆನ್ನುವ ಪ್ರಶಂಸೆ ಅತಿಶಯದ್ದು. ಹೊಸದಾಗಿದ್ದುದು ಬಂಡವಾಳದ ರೀತಿ.

ಬಂಡವಾಳದ ಜೊತೆಗೆ ಸಾರ್ವಜನಿಕ ಸಹಾಯವೂ ಸೇರಿದಾಗ ಋಣದ ಪ್ರಶ್ನೆ ಏಳುತ್ತದೆ. 1988ರಲ್ಲಿ ಕೇಂದ್ರ ಸರ್ಕಾರವು ಆಸ್ಪತ್ರೆಗಳ ಉಪಕರಣಗಳಿಗೆ ಸುಂಕ ವಿನಾಯಿತಿ ನೀಡಿದಾಗ, ಹೊರರೋಗಿಗಳಲ್ಲಿ ಶೇಕಡಾ 40 ಮಂದಿಗೆ ಉಚಿತ ಚಿಕಿತ್ಸೆ ಕೊಡಬೇಕು, ಬಡ ಕುಟುಂಬಗಳಿಗಾಗಿ ಶೇಕಡಾ 10 ಹಾಸಿಗೆಗಳನ್ನು ಮೀಸಲಿಡಬೇಕು ಎಂಬ ಷರತ್ತನ್ನು ವಿಧಿಸಿತು. ವಿನಾಯಿತಿಯನ್ನು ಪಡೆಯುವುದು ಒಂದು ದಿನದ ಕೆಲಸ. ಷರತ್ತನ್ನು ಪಾಲಿಸುವುದು ಪ್ರತಿದಿನದ ಕೆಲಸ.

ದೆಹಲಿಯಲ್ಲಿ 1996ರಲ್ಲಿ ಆರಂಭವಾದ ಇಂದ್ರಪ್ರಸ್ಥ ಅಪೋಲೋಕ್ಕೆ ಸರ್ಕಾರವು 15 ಎಕರೆ ಭೂಮಿಯನ್ನು ಒಂದು ರೂಪಾಯಿಯ ನಾಮಮಾತ್ರ ಗುತ್ತಿಗೆಗೆ ನೀಡಿತ್ತು. ಶೇಕಡಾ 26 ಷೇರುಗಳೂ ದೆಹಲಿ ಸರ್ಕಾರದವೇ. ಮೂರನೆಯ ಒಂದು ಭಾಗದ ಹಾಸಿಗೆಗಳು ಬಡವರಿಗೆ ಉಚಿತವೆಂದು ಕರಾರಾಗಿತ್ತು. ಆದರೆ ಉಚಿತವೆಂದರೇನು? ಹಾಸಿಗೆಯಷ್ಟೆಯೇ, ಔಷಧವೂ ಸೇರಿತೇ? 2009ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಔಷಧವೂ ಸೇರಿತೆಂದು ತೀರ್ಪಿತ್ತಿತು. ಔಷಧವಿಲ್ಲದ ಹಾಸಿಗೆ ಧರ್ಮಛತ್ರದ ಮಂಚವಾದೀತೇ ಹೊರತು ಚಿಕಿತ್ಸೆಯಾಗದು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯವನ್ನು ತಲುಪಿತು. ಬಡವರಿಗೆ ಉಚಿತ ಚಿಕಿತ್ಸೆ ದೊರೆಯದಿದ್ದಲ್ಲಿ ಆಸ್ಪತ್ರೆಯನ್ನು ಏಮ್ಸ್ ಸಂಸ್ಥೆಗೆ ವಹಿಸಬೇಕಾದೀತೆಂದು ಅದು 2025ರ ಮಾರ್ಚ್‌ನಲ್ಲಿ ಎಚ್ಚರಿಸಿ, ದಾಖಲೆಗಳನ್ನೂ ಹಾಸಿಗೆಗಳನ್ನೂ ಪರಿಶೀಲಿಸಲು ಜಂಟಿ ತಂಡವನ್ನು ಕಳುಹಿಸುವಂತೆ ಆದೇಶಿಸಿತು.